ದಾಲ್ ಮಿಲ್ಲಿನಲ್ಲೊಂದು ರೇಸ್ ಕಾರು: ಕಲಬುರಗಿ, ಬೀದರ್ ಸುತ್ತಾಟ

ಶುಕ್ರವಾರ, ಕಲಬುರಗಿ

ಜಾಹೀರಾತು ಹೀಗಿತ್ತು: "ಷೋಲಾವರಂನಲ್ಲಿ ಓಡಿದ, ಅರವತ್ತರ ದಶಕದ ಎರಡು ಸೀಟಿನ ಸ್ಪೋರ್ಟ್ಸ್ ರೇಸಿಂಗ್ ಕಾರು. ವೆಬರ್ ಕಾರ್ಬುರೇಟರ್. ಅಲ್ಯೂಮಿನಿಯಂ ಬಾಡಿ. ಎಲ್ಲವೂ ಒರಿಜಿನಲ್. ಕಲಬುರಗಿಗೆ ಬಂದು ನೋಡಬಹುದು." ಬೆಲೆ 28 ಲಕ್ಷ. ಜೊತೆಗೆ ಮಸುಕು ಮಸುಕಾದ ಮೂರು ಫೋಟೋ. ನಮ್ಮ ಸೋದರಮಾವ ಅದನ್ನು ನನಗೆ ಕಳಿಸಿದ ಸ್ವಲ್ಪ ಹೊತ್ತಿಗೇ ರೈಲು ಟಿಕೆಟ್ಟನ್ನೂ ಕಳಿಸಿದರು. ಬರ್ತೀಯಾ ಅಂತ ಕೇಳುವ ಅಭ್ಯಾಸ ಅವರಿಗಿಲ್ಲ.

ಷೋಲಾವರಂ ಅಂದರೆ ಹಳೇ ಕಾರಿನ ಹುಚ್ಚಿರುವವರ ಕಿವಿ ನೆಟ್ಟಗಾಗುತ್ತದೆ. ಚೆನ್ನೈನ ಉತ್ತರಕ್ಕೆ, ಎರಡನೇ ಮಹಾಯುದ್ಧದ ಕಾಲದ ವಿಮಾನದ ರನ್‌ವೇ ಅದು. ಅಲ್ಲಿ ರೇಸ್ ನಡೆಸುತ್ತಿದ್ದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1953ರಲ್ಲಿ ಶುರುವಾಯಿತು. 1990ರಲ್ಲಿ ಇರುಂಗಾಟ್ಟುಕೋಟೈ ಟ್ರ್ಯಾಕ್ ಬರುವ ತನಕ ದಕ್ಷಿಣದ ಕಾರು ರೇಸಿಗೆ ಷೋಲಾವರಂ ಅನ್ನೋದೇ ದೊಡ್ಡ ಹೆಸರು. ಹೊರದೇಶದ ರೇಸ್ ಕಾರು ತರಿಸುವುದು ಆಗ ರಾಜರಿಗೆ, ದೊಡ್ಡ ಸಾಹುಕಾರರಿಗೆ ಮಾತ್ರ ಆಗುತ್ತಿತ್ತು. ಉಳಿದವರು ಗ್ಯಾರೇಜಿನ ಹಿಂಭಾಗದಲ್ಲಿ ಹೆರಾಲ್ಡನ್ನೋ ಫಿಯಾಟನ್ನೋ ಬಿಚ್ಚಿ, ತಗ್ಗಿಸಿ, ತಗಡು ಬಡಿದು ತಮ್ಮದೇ ಕಾರು ಕಟ್ಟುತ್ತಿದ್ದರು. ಆ ಕಾರುಗಳಲ್ಲಿ ಹೆಚ್ಚಿನವು ಗುಜರಿಗೆ ಹೋದವು. ಅದಕ್ಕೇ ಒಂದು ಉಳಿದಿದೆ ಅಂದರೆ ಹೋಗಿ ನೋಡಬೇಕು ಅನಿಸುತ್ತದೆ. ನಂಬಬೇಕೋ ಬೇಡವೋ ಅನ್ನುವುದು ಆಮೇಲಿನ ಮಾತು.

ಯಾದಗಿರಿ ದಾಟುವಾಗ ಎಚ್ಚರವಾಯಿತು. ಕಲಬುರಗಿಯಲ್ಲಿ ಇಳಿದಾಗ ಇನ್ನೂ ಕತ್ತಲೆ, ಸಣ್ಣಗೆ ಚಳಿ. ಡಿಸೆಂಬರ್ ಕೊನೆ ಬಿಟ್ಟರೆ ಈ ಊರಿಗೆ ಬರಲು ಧೈರ್ಯ ಬೇಕು. ಬೇಸಿಗೆಯಲ್ಲಿ ಇಲ್ಲಿ ಕಾರಿನ ಬಾನೆಟ್ ಮುಟ್ಟಲು ಆಗುವುದಿಲ್ಲ.

ಕಾರು ಇದ್ದದ್ದು ಊರ ಹೊರಗಿನ ಹಳೇ ದಾಲ್ ಮಿಲ್ಲಿನಲ್ಲಿ. ತೊಗರಿ ನಾಡಿನಲ್ಲಿ ದಾಲ್ ಮಿಲ್ಲುಗಳಿಗೆ ಬರವಿಲ್ಲ, ನಿಂತು ಹೋದ ಮಿಲ್ಲುಗಳಿಗೂ ಬರವಿಲ್ಲ. ಸಾಹುಕಾರರು ಗೇಟಿನಲ್ಲೇ ಕಾಯುತ್ತಿದ್ದರು.

"ಬರ್ರಿ ಬರ್ರಿ, ಕುಂದರ್ರಿ. ಮೊದ್ಲ ಚಾ ಕುಡೀರಿ. ಗಾಡಿ ಎಲ್ಲಿ ಓಡಿ ಹೋಗ್ತದ?"

ಚಹಾದ ಜೊತೆಗೆ ಕಾರಿನ ಕಥೆಯೂ ಬಂತು. ಅವರ ತಂದೆ ಮದ್ರಾಸಿಗೆ ಬೇಳೆ ಲೋಡು ಕಳಿಸುತ್ತಿದ್ದರು. ಅಲ್ಲಿನ ಒಬ್ಬ ವ್ಯಾಪಾರಿ ಬಾಕಿ ಉಳಿಸಿಕೊಂಡ. "ರೊಕ್ಕದ ಬದ್ಲಿ ಇದನ್ನ ತಗೋ ಅಂದನಂತ್ರಿ. ನಮ್ಮಪ್ಪಾರು ಲಾರಿಮ್ಯಾಲೆ ಹಾಕ್ಕೊಂಡು ಬಂದ್ರು. ನಮ್ಮವ್ವ ಒಂದ್ ವಾರ ಮಾತಾಡ್ಲಿಲ್ಲ." ಇದು 1974ರ ಮಾತು.

ಗೋಣಿಚೀಲಗಳನ್ನು ಸರಿಸಿ, ತಾಡಪಾಲು ಎಳೆದರು. ಶಹಾಬಾದ್ ಕಲ್ಲಿನ ನೆಲದ ಮೇಲೆ, ನಮ್ಮ ಸೊಂಟಕ್ಕಿಂತ ತಗ್ಗಿನಲ್ಲಿ, ಒಂದು ಕೆಂಪು ಕಾರು. ಬಾಗಿಲಿಲ್ಲ, ಮೇಲ್ಛಾವಣಿ ಇಲ್ಲ, ಗಾಜಿನ ಜಾಗದಲ್ಲಿ ಅಂಗೈ ಅಗಲದ ಪ್ಲಾಸ್ಟಿಕ್ಕು. ನಾಲ್ಕೂ ಟೈರು ಕುಸಿದಿದ್ದವು. ಮಾವ ಏನೂ ಮಾತಾಡದೆ ಅದರ ಸುತ್ತ ಒಂದು ಸುತ್ತು ಬಂದರು. ಅವರು ಹಾಗೆ ಸುಮ್ಮನಾದರೆ ಜೇಬಿಗೆ ಅಪಾಯ ಅಂತ ಅತ್ತೆ ಯಾವಾಗಲೂ ಹೇಳುತ್ತಾರೆ.

ಸಂಜೆ ಕೋಟೆಗೆ ಹೋಗಿ ಬಂದೆವು. 1367ರ ಜಾಮಿ ಮಸೀದಿಯ ಕಮಾನುಗಳ ಕೆಳಗೆ ತಂಪಾಗಿತ್ತು. ಅಂಗಳವೇ ಇಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿದ ಮಸೀದಿ ಅದು. ಮಾವ ಅಲ್ಲೂ ಕಾರಿನ ಮಾತೇ ಆಡಿದರು.

ಶನಿವಾರ, ಮಿಲ್ಲಿನ ಶೆಡ್ಡು

ಸಾಹುಕಾರರು ಹೇಳಿ ಕಳಿಸಿ ಒಬ್ಬ ಹಳೇ ಮಿಸ್ತ್ರಿಯನ್ನು ಕರೆಸಿದ್ದರು. ಊರೆಲ್ಲ ಅವರನ್ನು ಚಾಚಾ ಅನ್ನುತ್ತದೆ. ನಾವೂ ಹಾಗೇ ಅಂದೆವು. ಎಪ್ಪತ್ತು ದಾಟಿದ ವಯಸ್ಸು. ಚಾಪೆ ಹಾಸಿಕೊಂಡು ಕಾರಿನ ಕೆಳಗೆ ನುಸುಳಿದವರು ಒಂದೇ ನಿಮಿಷಕ್ಕೆ ಕೂಗಿದರು: "ಚಾಸಿ ಹೆರಾಲ್ಡಿಂದು ಅದ. ಎಂಜಿನ್ ಮಾತ್ರ ಫಿಯಾಟಿಂದು!"

ಮಾವನ ಮುಖ ಬಾಡಿತು. ನನಗೆ ಖುಷಿಯಾಯಿತು.

ಕಾರಣ ಹೇಳುತ್ತೇನೆ. ಸ್ಟ್ಯಾಂಡರ್ಡ್ ಹೆರಾಲ್ಡ್ ಮದ್ರಾಸಿನಲ್ಲೇ ತಯಾರಾಗುತ್ತಿದ್ದ ಕಾರು, ಬ್ರಿಟನ್ನಿನ ಟ್ರಯಂಫ್ ಹೆರಾಲ್ಡಿನ ತಮ್ಮ. ಆ ಕಾಲದ ಬೇರೆ ಹೆಚ್ಚಿನ ಸಣ್ಣ ಕಾರುಗಳಲ್ಲಿ ಬಾಡಿಯೇ ಚಾಸಿ, ಅಂದರೆ ಕಾರನ್ನು ಹೊರುವ ಚೌಕಟ್ಟು. ಹೆರಾಲ್ಡಿಗೆ ಪ್ರತ್ಯೇಕ ಚಾಸಿ. ಬಾಡಿ ಬಿಚ್ಚಿ ಎತ್ತಿಟ್ಟರೂ ಚಾಸಿ ತನ್ನ ಪಾಡಿಗೆ ನಿಲ್ಲುತ್ತದೆ, ಬೇಕಾದಷ್ಟು ಕತ್ತರಿಸಿ ಗಿಡ್ಡ ಮಾಡಬಹುದು. ಸ್ಟೀರಿಂಗ್ ರ‍್ಯಾಕ್ ಅಂಡ್ ಪಿನಿಯನ್, ಕೈ ತಿರುಗಿಸಿದ ಹಾಗೆ ಚಕ್ರ ಕರಾರುವಾಕ್ಕಾಗಿ ತಿರುಗುವಂಥದ್ದು. ಮುಂದಿನ ಸಸ್ಪೆನ್ಷನ್ ಎಷ್ಟು ಚೆನ್ನಾಗಿತ್ತೆಂದರೆ ಅದೇ ಭಾಗಗಳನ್ನು ಬ್ರಿಟನ್ನಿನಲ್ಲಿ ಲೋಟಸ್‌ನವರೂ ತಮ್ಮ ಕಾರುಗಳಿಗೆ ಹಾಕಿಕೊಂಡಿದ್ದರು. ರೇಸ್ ಕಾರು ಕಟ್ಟುವವನಿಗೆ ಇನ್ನೇನು ಬೇಕು? ಎಂಜಿನ್ ಒಂದೇ ಸಣ್ಣದು, 948 ಸಿಸಿ. ಫಿಯಾಟ್ 1100ರದ್ದು 1089 ಸಿಸಿ. ಗೆಲ್ಲಬೇಕು ಅನ್ನುವವನು ಎಂಜಿನ್ ಬದಲಾಯಿಸಿಯೇ ಬದಲಾಯಿಸುತ್ತಾನೆ. ರೇಸಿನಲ್ಲಿ ಓಡಿದ ಕಾರು "ಎಲ್ಲವೂ ಒರಿಜಿನಲ್" ಅಂದರೆ ನನಗೆ ಅನುಮಾನ ಬರುತ್ತದೆ. ಓಡಿದ್ದರೆ ಮುರಿದಿರಬೇಕು, ಮುರಿದಿದ್ದರೆ ಬದಲಾಗಿರಬೇಕು.

ಹಿಂದಿನ ಚಕ್ರಗಳನ್ನು ನೋಡಿ ನಂಬಿಕೆ ಇನ್ನಷ್ಟು ಹೆಚ್ಚಿತು. ಹೆರಾಲ್ಡಿನ ಹಿಂಭಾಗ ಸ್ವಿಂಗ್ ಆಕ್ಸಲ್, ಅಂದರೆ ಎರಡೂ ಕಡೆಯ ಆಕ್ಸಲ್ ನಡುವಿನ ಕೀಲಿನಿಂದ ರೆಕ್ಕೆಯ ಹಾಗೆ ಮೇಲೆ ಕೆಳಗೆ ಆಡುತ್ತದೆ. ತಿರುವಿನಲ್ಲಿ ಜೋರಾಗಿ ಹೋಗುವಾಗ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಮೇಲೇಳುತ್ತದೆ, ಹೊರಗಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ, ಕಾರು ಗಿರಕಿ ಹೊಡೆಯುತ್ತದೆ. ಈ ಕಾರಿನಲ್ಲಿ ಯಾರೋ ಹಿಂದಿನ ಅಡ್ಡ ಪಾಟಾವನ್ನು (ಪಟ್ಟಿ ಸ್ಪ್ರಿಂಗನ್ನು) ತಗ್ಗಿಸಿ, ಚಕ್ರಗಳ ಮೇಲ್ಭಾಗ ಒಳಕ್ಕೆ ವಾಲುವಂತೆ ಮಾಡಿದ್ದರು. ಚಕ್ರ ಜಾಸ್ತಿ ಕೆಳಗಿಳಿಯದಂತೆ ಎರಡೂ ಕಡೆ ದಪ್ಪ ಬೆಲ್ಟ್ ಕಟ್ಟಿದ್ದರು. ಷೋಕಿಗೆ ಕಾರು ಕಟ್ಟುವವರು ಈ ಕೆಲಸಕ್ಕೆ ಕೈ ಹಾಕುವುದಿಲ್ಲ. ತಿರುವಿನಲ್ಲಿ ಒಮ್ಮೆ ಜೀವ ಬಾಯಿಗೆ ಬಂದವನು ಮಾತ್ರ ಮಾಡುತ್ತಾನೆ.

ಚಾಚಾ ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡೋಣ ಅಂದಿದ್ದರು. ಅದನ್ನು ಶುಕ್ರವಾರವೇ ಮಾಡಿಸಿದ್ದ ಸಾಹುಕಾರರು ಹೆಮ್ಮೆಯಿಂದ ನಕ್ಕರು. ಎಂಜಿನ್ ಕೈಯಲ್ಲಿ ತಿರುಗಿತು. ಬ್ಯಾಟರಿ ಕಟ್ಟಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿದೆವು. ಮೂರು ಸಿಲಿಂಡರ್ 120 ಪೌಂಡಿನ ಆಸುಪಾಸು, ಒಂದು 90. ಆ ಒಂದಕ್ಕೆ ಮತ್ತೆ ಎರಡು ಚಮಚ ಎಣ್ಣೆ ಬಿಟ್ಟು ನೋಡಿದರೆ 110ಕ್ಕೆ ಏರಿತು. ಎಣ್ಣೆಗೆ ಏರಿದರೆ ದೋಷ ರಿಂಗಿನದು, ವಾಲ್ವಿನದಲ್ಲ. ರಿಂಗು ಸಿಗುತ್ತದೆ. ಪದ್ಮಿನಿ ಟ್ಯಾಕ್ಸಿಗಳ ಪುಣ್ಯ, ಈ ಎಂಜಿನ್ನಿನ ಸಾಮಾನು ಇನ್ನೂ ಅಷ್ಟೋ ಇಷ್ಟೋ ಸಿಗುತ್ತದೆ.

ಮಧ್ಯಾಹ್ನ ಬಣ್ಣದ ಕೆಲಸ. ಸಾಹುಕಾರರ ಅನುಮತಿ ಕೇಳಿ, ಕಾಕ್‌ಪಿಟ್ಟಿನ ಪಕ್ಕದಲ್ಲಿ ಅಂಗೈಯಷ್ಟು ಜಾಗವನ್ನು ನೀರು ಹಾಕಿ ಮರಳು ಕಾಗದದಿಂದ ಮೆಲ್ಲಗೆ ಉಜ್ಜಿದೆ. ಕೆಂಪಿನ ಕೆಳಗೆ ಪ್ರೈಮರ್, ಅದರ ಕೆಳಗೆ ಹಸಿರು. ಹಸಿರಿನ ಮೇಲೆ ಬಿಳಿ ಬಣ್ಣದ ಒಂದು ಬಾಗಿದ ಅಂಚು. ಇನ್ನೂ ಉಜ್ಜಿದಾಗ ಬಿಳಿ ವೃತ್ತದೊಳಗೆ ಕಪ್ಪು ಗೆರೆ ಕಾಣಿಸಿತು. 7ರ ಮೇಲಿನ ಅಡ್ಡಗೆರೆ ಇದ್ದ ಹಾಗಿತ್ತು. ಎಡಕ್ಕೆ ಇನ್ನೊಂದು ಅಂಕಿ. 17.

ಸಾಹುಕಾರರು ಕನ್ನಡಕ ತೆಗೆದು ಒರೆಸಿಕೊಂಡರು. "ಐವತ್ ವರ್ಷ ಆತು, ಇದು ನನಗ ಗೊತ್ತೇ ಇರ್ಲಿಲ್ಲ ನೋಡ್ರಿ."

ಸುಳ್ಳುಗಳೂ ಸಿಕ್ಕವು. ಜಾಹೀರಾತಿನಲ್ಲಿದ್ದ ವೆಬರ್ ಕಾರ್ಬುರೇಟರ್ ಅಲ್ಲಿರಲಿಲ್ಲ, ಇದ್ದದ್ದು ಮಾಮೂಲಿ ಕಾರುಗಳ ಎರಡು ಸೋಲೆಕ್ಸ್. ಬಾನೆಟ್ ಮತ್ತು ಮೂತಿ ಅಲ್ಯೂಮಿನಿಯಂ ಅಲ್ಲ, ಫೈಬರ್. ಅಯಸ್ಕಾಂತ ಅಲ್ಯೂಮಿನಿಯಮ್ಮಿಗೂ ಅಂಟುವುದಿಲ್ಲ, ಫೈಬರಿಗೂ ಅಂಟುವುದಿಲ್ಲ. ಬೆರಳಿನಿಂದ ತಟ್ಟಿ ಸದ್ದು ಕೇಳಿದರೆ ಗೊತ್ತಾಗುತ್ತದೆ. ಆ ಫೈಬರಿನ ಮೇಲೆ ಹಸಿರು ಬಣ್ಣದ ಪದರವೇ ಇರಲಿಲ್ಲ, ಬರೀ ಕೆಂಪು. ಅಂದರೆ ಮೂತಿ ಆಮೇಲೆ ಬಂದದ್ದು. ಗೇರಿನ ತಲೆಯ ಮೇಲೆ ಕಪ್ಪು ಬಿದರಿಯ ಗುಂಡು, ಬೆಳ್ಳಿ ಹೂಬಳ್ಳಿ. ಅದು ಸಾಹುಕಾರರ ತಂದೆ ಬೀದರಿನಲ್ಲಿ ಮಾಡಿಸಿದ್ದು.

"ಇದನ್ನ ಮೊದಲು ತೆಗೆದು ಬಿಸಾಕಬೇಕು," ಅಂದರು ಮಾವ ನನ್ನ ಕಿವಿಯಲ್ಲಿ. ನಾನು ತಲೆಯಾಡಿಸಲಿಲ್ಲ.

ಭಾನುವಾರ, ಬೀದರ್

ಕಾರು ಬಂದ ಹೊಸದರಲ್ಲಿ ಬೀದರಿನವರೊಬ್ಬರು ಮಿಲ್ಲಿಗೆ ಬಂದು, "ಈ ಗಾಡೀಗೆ ನಾ ಕೆಲಸ ಮಾಡೇನಿ" ಅಂದಿದ್ದರಂತೆ. ಅವರು ಈಗಲೂ ಇದ್ದಾರೆ ಅನ್ನುವುದು ಸಾಹುಕಾರರಿಗೆ ಗೊತ್ತಿತ್ತು. ಬೆಳಿಗ್ಗೆಯೇ ಬಸ್ಸು ಹಿಡಿದೆವು.

ಕಮಲಾಪುರದಲ್ಲಿ ಕಿಟಕಿಗೇ ಕೆಂಪು ಬಾಳೆಹಣ್ಣು ಬಂತು. ಒಂದು ಹಣ್ಣು ತಿಂದರೆ ಹುಮನಾಬಾದ್ ತನಕ ಹಸಿವಾಗುವುದಿಲ್ಲ. ರಸ್ತೆಯ ಎರಡೂ ಕಡೆ ಒಣಗಿ ನಿಂತ ತೊಗರಿ, ಹಾಲುಗಾಳಿನ ಬಿಳಿಜೋಳ. ಹುಮನಾಬಾದ್ ಆದ ಮೇಲೆ ಮಣ್ಣು ಕಪ್ಪಿನಿಂದ ಕೆಂಪಿಗೆ ತಿರುಗುತ್ತದೆ. ಬೀದರ್ ಜಂಬಿಟ್ಟಿಗೆ ಕಲ್ಲಿನ ಎತ್ತರದ ಮೇಲೆ ಕೂತ ಊರು.

ಆ ಅಜ್ಜನ ಮನೆ ಚೌಬಾರಾ ಗೋಪುರದ ಹತ್ತಿರ. ಮಹಮೂದ್ ಗವಾನನ ಮದರಸಾದಿಂದ ನಡೆದು ಹೋಗುವಷ್ಟೇ ದೂರ. 1472ರ ಆ ಕಟ್ಟಡದ ಉಳಿದ ಮಿನಾರಿನ ಮೇಲೆ ನೀಲಿ ಹೆಂಚಿನ ಚೂರುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಭಾನುವಾರವಾದ್ದರಿಂದ ಆಕಾಶದಲ್ಲಿ ಸದ್ದಿರಲಿಲ್ಲ. ಬೇರೆ ದಿನವಾದರೆ ಇಲ್ಲಿನ ವಾಯುಪಡೆ ನೆಲೆಯ ಹಾಕ್ ವಿಮಾನಗಳು ಊರ ಮೇಲೆ ಹಾರುತ್ತಿರುತ್ತವೆ. ವಿಮಾನ ಕಸರತ್ತಿನ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ಇಲ್ಲೇ.

ಅಜ್ಜ ಮಂಚದ ಮೇಲೆ ಕೂತಿದ್ದರು. ಕಣ್ಣು ಮಂದ, ನೆನಪು ಚುರುಕು. ಇಪ್ಪತ್ತರ ವಯಸ್ಸಿನಲ್ಲಿ ಕೆಲಸ ಹುಡುಕಿಕೊಂಡು ಮದ್ರಾಸಿಗೆ ಹೋದವರು, ಒಂದು ಗ್ಯಾರೇಜಿನಲ್ಲಿ ಫಿಟ್ಟರ್ ಆಗಿದ್ದರು. ಮಾವ ಮೊಬೈಲಿನಲ್ಲಿ ಕಾರಿನ ಫೋಟೋ ತೋರಿಸಿದರು. ಅಜ್ಜ ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಮೂತಿ ನಮ್ದಲ್ಲ," ಅಂದರು ಮೊದಲ ಮಾತಿಗೇ. ನಾವು ಅದನ್ನು ಅವರಿಗೆ ಹೇಳಿರಲಿಲ್ಲ.

ಟ್ರಂಕಿನಿಂದ ಒಂದು ಫೋಟೋ ಬಂತು. ಕಪ್ಪು ಬಿಳುಪು, ಒಂದು ಮೂಲೆ ಗೆದ್ದಲು ತಿಂದದ್ದು. ರನ್‌ವೇ ಅಂಚಿನಲ್ಲಿ ಹುಲ್ಲಿನ ಮೂಟೆಗಳು, ಹಿಂದೆ ಸರ್ವೆ ಮರಗಳು, ಮಧ್ಯೆ ಕಾರು. ಪಕ್ಕದಲ್ಲಿ ಬಿಳಿ ವೃತ್ತ, 17. ಕಾರಿನ ಹಿಂದೆ ಬನಿಯನ್ ಹಾಕಿಕೊಂಡು ನಿಂತ ತೆಳ್ಳನೆಯ ಹುಡುಗ ತಾವೇ ಅಂದರು ಅಜ್ಜ. ಮೂತಿ ಬೇರೆಯಾಗಿತ್ತು, ಚಿಕ್ಕದು, ದುಂಡಗಿನದು.

ಮಾವ ಅಷ್ಟಕ್ಕೇ ಕುಣಿಯುವಂತಾದರು. ನನಗೆ ಸಾಲಲಿಲ್ಲ. ಬಣ್ಣ ಬಳಿಯಬಹುದು, ನಂಬರು ಬರೆಯಬಹುದು, ಹಳೇ ಫೋಟೋ ನೋಡಿಕೊಂಡು ಹೊಸ ಕಾರು ಕಟ್ಟಿದವರೂ ಲೋಕದಲ್ಲಿದ್ದಾರೆ. ಹಾಗಾಗಿ ಕೇಳಿದೆ: "ಅಜ್ಜಾರೆ, ಫಿಯಾಟ್ ಎಂಜಿನ್ನು ಹೆರಾಲ್ಡ್ ಗೇರ್‌ಬಾಕ್ಸಿಗೆ ಹೇಗೆ ಕೂಡಿಸಿದಿರಿ?"

ಅಜ್ಜನ ಬೆನ್ನು ನೆಟ್ಟಗಾಯಿತು. ಮೊದಲ ಸೀಸನ್ ಹೆರಾಲ್ಡ್ ಎಂಜಿನ್ನೇ ಇತ್ತಂತೆ. ಅದು ಸಾಲದೆ ಫಿಯಾಟ್ ತಂದರು. ಎರಡರ ಬೋಲ್ಟಿನ ತೂತುಗಳು ಹೊಂದುವುದಿಲ್ಲ, ನಡುವೆ ಒಂದು ದಪ್ಪ ಅಲ್ಯೂಮಿನಿಯಂ ಪ್ಲೇಟ್ ಬೇಕು. "ಮಷೀನ್ ಎಲ್ಲಿತ್ರಿ? ನಾನೇ ಕಾನಸು ಹಿಡಿದು ತಿಕ್ಕೀನಿ, ನಾಕ್ ದಿನ. ಒಂದ್ ತೂತು ತಪ್ಪಿ ಕೊರದ್ವಿ. ಎಡಕ್ಕ, ಕೆಳಗ. ಆಮ್ಯಾಲೆ ಅದನ್ನ ತುಂಬಿಸಿ ಬಾಜೂಕ ಮತ್ತೊಂದು ಕೊರದ್ವಿ. ಮಾಲಕರು ಬೈದ್ರು. ನೀವು ನೋಡಿಲ್ಲೇನು?"

ನೋಡಿರಲಿಲ್ಲ. ಅಲ್ಲಿ ಬೆರಳು ದಪ್ಪ ಕೊಳೆ ಕೂತಿತ್ತು.

ಚಾಚಾಗೆ ಫೋನ್ ಮಾಡಿದೆವು. ಅವರು ಮೊಮ್ಮಗನ ಜೊತೆ ಮಿಲ್ಲಿಗೆ ಹೋಗಲು ಮುಕ್ಕಾಲು ಗಂಟೆ. ಅಷ್ಟು ಹೊತ್ತಿಗೆ ಅಜ್ಜನ ಸೊಸೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದರು. ವೀಡಿಯೋ ಕಾಲ್ ಬಂತು. ಕತ್ತಲೆ, ಟಾರ್ಚಿನ ಬೆಳಕು, ಚಾಚಾನ ಗಡ್ಡ. ಸೀಮೆಎಣ್ಣೆ ಬಟ್ಟೆಯಿಂದ ಒರೆಸುವ ಸದ್ದು. ಆಮೇಲೆ ಚಾಚಾ: "ಅದ! ಅದ ನೋಡ್ರಿ! ಎಡಕ್ಕ, ಕೆಳಗ. ತುಂಬಿಸಿದ್ದು ಅದ, ಬಾಜೂಕ ಇನ್ನೊಂದು ಬೋಲ್ಟ್!"

ಅಜ್ಜನಿಗೆ ಪರದೆಯಲ್ಲಿ ಏನೂ ಕಾಣಿಸಲಿಲ್ಲ. ಬೇಕಾಗಿಯೂ ಇರಲಿಲ್ಲ. "ಅದು ಇರಬೇಕಲ್ಲ ಮತ್ತ," ಅಂದು ರೊಟ್ಟಿ ಮುರಿದರು.

ಫೋಟೋ ಮಾತ್ರ ಕೊಡಲಿಲ್ಲ. ಪಕ್ಕದ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ, ತಾವು ಮಾಡಿದ ಕೆಲಸದ ವಿವರವನ್ನು ಮಗನ ಕೈಯಲ್ಲಿ ಬರೆಸಿ, ಸಹಿ ಹಾಕಿಕೊಟ್ಟರು. ಬರುವಾಗ ದಾರಿಯಲ್ಲಿ ಬಿದರಿ ಅಂಗಡಿಯೊಂದಕ್ಕೆ ನುಗ್ಗಿದೆ. ಸತು ಹದಿನಾರು ಪಾಲು, ತಾಮ್ರ ಒಂದು ಪಾಲು, ಮೇಲೆ ಬೆಳ್ಳಿ ಎಳೆ. ಕೋಟೆಯ ಹಳೇ ಮಣ್ಣಿಗೆ ನವಸಾಗರ ಬೆರೆಸಿ ಕುದಿಸಿ ಅದರಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಗೇರಿನ ಗುಂಡಿನ ಫೋಟೋ ತೋರಿಸಿದೆ. ಹಳೇ ಕೈಯ ಕೆಲಸ, ಈಗ ಇಷ್ಟು ಸಣ್ಣ ಎಳೆ ಯಾರೂ ಕೂರಿಸುವುದಿಲ್ಲ ಅಂದರು ಅಂಗಡಿಯವರು. ಮಾವ ಕೇಳಿಸಿಕೊಂಡರು, ಮಾತಾಡಲಿಲ್ಲ.

ಸೋಮವಾರ, ಎಳ್ಳಮಾವಾಸ್ಯೆ

ಈ ಕಡೆ ಎಳ್ಳಮಾವಾಸ್ಯೆಯ ದಿನ ವ್ಯವಹಾರ ಮಾತಾಡುವವರು ಯಾರೂ ಇಲ್ಲ. ಊರಿಗೆ ಊರೇ ಹೊಲದಲ್ಲಿರುತ್ತದೆ. ಸಾಹುಕಾರರು ನಮ್ಮನ್ನೂ ಜೀಪಿನಲ್ಲಿ ತುಂಬಿಕೊಂಡರು. ಹೊಲದ ಸುತ್ತ ಚರಗ (ಭೂಮಿತಾಯಿಗೆ ಎಡೆ) ಚೆಲ್ಲಿ, ಬೇವಿನ ಮರದ ಕೆಳಗೆ ಎಲೆ ಹಾಕಿದರು. ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿ. ಎಲ್ಲಕ್ಕಿಂತ ಮಿಗಿಲು ಭಜ್ಜಿ. ಬೆಂಗಳೂರಿನವರು ಎಣ್ಣೆಯಲ್ಲಿ ಕರಿದ ಬಜ್ಜಿ ಅಂದುಕೊಳ್ಳಬೇಡಿ. ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಕೂಡಿಸಿ ಬೇಯಿಸಿದ ಪಲ್ಯ ಅದು. ವರ್ಷಕ್ಕೊಮ್ಮೆ ಇದಕ್ಕಾಗಿಯೇ ಇಲ್ಲಿಗೆ ಬರಬಹುದು.

ವ್ಯವಹಾರ ಬೇಡ ಅಂದರೂ ಮಾತು ಕಾರಿನ ಕಡೆಗೇ ಹೊರಳಿತು. ನಾನು ಹರಟೆಗೆಂದು ಒಂದು ಕೋರ್ಟ್ ಕೇಸಿನ ಕಥೆ ಹೇಳಿದೆ. 1929 ಮತ್ತು 1930ರಲ್ಲಿ, ಎರಡೂ ಸಲ ಲ ಮಾನ್ ರೇಸ್ ಗೆದ್ದ ಒಂದು ಬೆಂಟ್ಲಿ ಕಾರಿದೆ, ಓಲ್ಡ್ ನಂಬರ್ ಒನ್ ಅಂತ. 1990ರಲ್ಲಿ ಅದನ್ನು ಒಂದು ಕೋಟಿ ಪೌಂಡಿಗೆ ಮಾರುವ ಒಪ್ಪಂದವಾಯಿತು. ಆಮೇಲೆ ಕೊಳ್ಳುವವರು ತಕರಾರು ತೆಗೆದರು: ಇದರಲ್ಲಿ ಲ ಮಾನ್ ಗೆದ್ದಾಗಿನ ಭಾಗಗಳು ಉಳಿದೇ ಇಲ್ಲ, ಇದು ಆ ಕಾರಲ್ಲ. ಲಂಡನ್ನಿನ ಹೈಕೋರ್ಟು ಮಾರುವವರ ಪರ ನಿಂತಿತು. ರೇಸಿನ ಕಾರು ಓಡುತ್ತಾ ಓಡುತ್ತಾ ಬದಲಾಗುವುದೇ ಸಹಜ. ಅದರ ಇತಿಹಾಸ ನಡುವೆ ಎಲ್ಲೂ ಕಡಿದುಹೋಗಿಲ್ಲ, ಹಾಗಾಗಿ ಇದು ಅದೇ ಕಾರು ಅಂತ ತೀರ್ಪು.

ಸಾಹುಕಾರರು ಅಂಬಲಿಯ ಲೋಟ ಕೆಳಗಿಟ್ಟರು. "ಅಂದ್ರ, ನಮ್ಮ ಗಾಡಿ ಮೂತಿ ಬದ್ಲಾದ್ರೂ ಅದೇ ಗಾಡಿ. ಕೋರ್ಟೇ ಹೇಳ್ಯಾದ. 28 ಲಕ್ಷ ಜಾಸ್ತಿ ಏನಲ್ಲ ಹಂಗಾದ್ರ."

ಮಾವ ಮೇಜಿಲ್ಲದ ಜಾಗದಲ್ಲೂ ನನ್ನ ಕಾಲು ತುಳಿಯುವ ದಾರಿ ಕಂಡುಕೊಂಡರು.

ಆದರೆ ಆ ಬೆಂಟ್ಲಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಗೆದ್ದ ದಾಖಲೆ ಲೋಕಕ್ಕೆಲ್ಲ ಗೊತ್ತು. ಇಲ್ಲಿ 17ನೇ ನಂಬರಿನ ಕಾರು ಓಡಿದ್ದಕ್ಕೆ ಒಬ್ಬರ ನೆನಪು, ಒಂದು ಫೋಟೋ, ಒಂದು ತಪ್ಪಿದ ತೂತು ಇವೆ. ಎಷ್ಟನೇ ಸ್ಥಾನ ಬಂತು, ಯಾರು ಓಡಿಸಿದರು ಅನ್ನುವ ಕಾಗದ ಒಂದೂ ಇಲ್ಲ. ಅದನ್ನು ಸಾಹುಕಾರರಿಗೆ ಬಿಡಿಸಿ ಹೇಳಿದೆ. ಅವರು ಒಪ್ಪಲಿಲ್ಲ, ತಳ್ಳಿಹಾಕಲೂ ಇಲ್ಲ. ಇನ್ನೊಂದು ಹೋಳಿಗೆ ಹಾಕಿದರು.

ಮಂಗಳವಾರ, ಮತ್ತೆ ಮಿಲ್ಲು

ಚಾಚಾ ಬೆಳಿಗ್ಗೆಯೇ ಹಳೇ ಟ್ಯಾಂಕಿನ ಪೈಪು ಕಳಚಿ, ಪ್ಲಾಸ್ಟಿಕ್ ಕ್ಯಾನಿನಿಂದ ಹೊಸ ಪೆಟ್ರೋಲ್ ಕೊಟ್ಟು, ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಉಜ್ಜಿ ಇಟ್ಟಿದ್ದರು. ಮೊದಲು ಕೆಮ್ಮಿತು. ಆಮೇಲೆ ಕಾರ್ಬುರೇಟರಿನಿಂದ ಬೆಂಕಿ ಉಗುಳಿತು. ಮೊಮ್ಮಗ ಒದ್ದೆ ಗೋಣಿಚೀಲ ಎಸೆದ. ಚಾಚಾ ಟೈಮಿಂಗ್ ಸ್ವಲ್ಪ ತಿರುಗಿಸಿ ಮತ್ತೆ ಸ್ಟಾರ್ಟ್ ಮಾಡಿದರು. ಈ ಸಲ ಹಿಡಿಯಿತು. ಸೈಲೆನ್ಸರ್ ಇಲ್ಲದ ಪೈಪು, ತಗಡಿನ ಶೆಡ್ಡು. ತೊಲೆಯ ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು. ಸಾಹುಕಾರರು ಕಿವಿ ಮುಚ್ಚಿಕೊಂಡು ನಗುತ್ತಿದ್ದರು. ಎಣ್ಣೆಯ ಪ್ರೆಷರ್ ಬಂತು. ಅರ್ಧ ನಿಮಿಷ ಓಡಿಸಿ ನಿಲ್ಲಿಸಿದೆವು, ರೇಡಿಯೇಟರ್ ಸೋರುತ್ತಿತ್ತು.

ಆಮೇಲೆ ಕಾಗದ. ಆರ್‌ಸಿ ಪುಸ್ತಕದಲ್ಲಿ ಎಂಎಸ್ ಅಕ್ಷರಗಳ ಮದ್ರಾಸಿನ ನಂಬರು, "ಹೆರಾಲ್ಡ್ ಸಲೂನ್, ನಾಲ್ಕು ಸೀಟು." ಎದುರಿಗಿರುವುದು ಬಾಗಿಲೇ ಇಲ್ಲದ ಎರಡು ಸೀಟು. 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮ ನೋಡಿ. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಉಳಿದಿರಬೇಕು, ದೊಡ್ಡ ಬದಲಾವಣೆ ಆಗಿರಬಾರದು. ಅಂಥದ್ದಕ್ಕೆ 20,000 ರೂಪಾಯಿ ಶುಲ್ಕ ಕಟ್ಟಿದರೆ ನಂಬರಿನಲ್ಲಿ "ವಿಎ" ಅಕ್ಷರ ಸಿಗುತ್ತದೆ, ನೋಂದಣಿ 10 ವರ್ಷ ನಡೆಯುತ್ತದೆ. ಮನೆಯಲ್ಲಿ ಸುಮ್ನೆ ನಿಂತಿದ್ದ ಹೆರಾಲ್ಡಿಗೆ ಈ ಗೌರವ ಸಿಗುತ್ತದೆ, ರನ್‌ವೇ ಮೇಲೆ ಜೀವ ಬಿಟ್ಟು ಓಡಿದ ಹೆರಾಲ್ಡಿಗೆ ಸಿಗುವುದು ಕಷ್ಟ. ನಿಯಮ ಮಾಡಿದವರಿಗೆ ರೇಸ್ ಕಾರು ನೆನಪಿಗೆ ಬಂದಿರಲಿಕ್ಕಿಲ್ಲ.

ಇದನ್ನೆಲ್ಲ ಲೆಕ್ಕ ಹಾಕಿ ಮಾವ 9 ಲಕ್ಷ ಅಂದರು. ಸಾಹುಕಾರರು ನಕ್ಕರು. ಎರಡು ಸಲ ಚಹಾ ಬಂತು, ಒಂದು ಸಲ ಸುಸಲಾ ಬಂತು. ಮಧ್ಯಾಹ್ನದ ಹೊತ್ತಿಗೆ 12ಕ್ಕೆ ನಿಂತಿತು. ಆಗ ಸಾಹುಕಾರರು ಮೆಲ್ಲಗೆ, "ಬಿದರಿ ಗುಂಡು ಮಾತ್ರ ಕೊಡಂಗಿಲ್ಲ, ನಮ್ಮಪ್ಪಾರದು," ಅಂದರು.

"ಅದೆಲ್ಲಾದ್ರೂ ಉಂಟೇ? ಅದು ಕಾರಿನ ಭಾಗ!" ಶನಿವಾರ ಅದನ್ನು ಬಿಸಾಕಬೇಕು ಅಂದಿದ್ದ ಮಾವ ಎದ್ದೇ ನಿಂತರು. ಕೊನೆಗೆ ಬೀದರಿನಲ್ಲಿ ಅಂಥದ್ದೇ ಇನ್ನೊಂದು ಮಾಡಿಸಿ ಸಾಹುಕಾರರಿಗೆ ಕಳಿಸಬೇಕು ಅಂತಾಯಿತು.

ಕರಾರು ಪತ್ರ ನಾನು ಬರೆದೆ. "ಎಲ್ಲವೂ ಒರಿಜಿನಲ್" ಅನ್ನುವ ಸಾಲು ಹೋಯಿತು. ಅದರ ಜಾಗಕ್ಕೆ ಹೀಗೆ ಬಂತು: ಗಿಡ್ಡ ಮಾಡಿದ ಹೆರಾಲ್ಡ್ ಚಾಸಿ, ಫಿಯಾಟ್ 1100 ಎಂಜಿನ್, ಕೈಯಲ್ಲಿ ಮಾಡಿದ ಜೋಡಣೆ ಪ್ಲೇಟು, ಎಡ ಕೆಳಭಾಗದಲ್ಲಿ ತುಂಬಿಸಿದ ಒಂದು ತೂತು, ಅಲ್ಯೂಮಿನಿಯಂ ಬಾಡಿ, ನಂತರ ಹಾಕಿದ ಫೈಬರ್ ಮೂತಿ, ಕೆಂಪು ಬಣ್ಣದಡಿ 17ನೇ ನಂಬರು. ಜೊತೆಗೆ ಅಜ್ಜನ ಸಹಿಯ ಕಾಗದ, ಫೋಟೋ ಪ್ರತಿ.

ಲಾರಿ ಗುರುವಾರ ಬರುತ್ತದೆ. ಎಂಜಿನ್ನಿನ ಕೆಳಗೆ ಗೋಣಿಚೀಲ ತುಂಬಿ ಕಟ್ಟುವ ಜವಾಬ್ದಾರಿ ಚಾಚಾನದು. ರೈಲಿನಲ್ಲಿ ಮಾವ ಎರಡು ವಿಷಯ ಕೇಳಿದರು. ಹಳೇ ರೇಸುಗಳ ಎಂಟ್ರಿ ಪಟ್ಟಿಗಾಗಿ ಚೆನ್ನೈಗೆ ಯಾರಿಗೆ ಬರೆಯಬೇಕು ಅನ್ನುವುದು ಒಂದು. ಅತ್ತೆಗೆ ಯಾವ ರೇಟು ಹೇಳಬೇಕು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನಾನು ಸಹಾಯ ಮಾಡುತ್ತೇನೆ ಅಂದಿದ್ದೇನೆ.